ಹನ್ನೊಂದು ಬಡವರ ಕ್ಯಾಪ್ಟನ್

ಕಳೆದ ಡಿಸೆಂಬರಿನಲ್ಲಿ ಬಂಗಾರಪೇಟೆಗೆ ಹೋಗಿದ್ದಾಗ ನಮ್ಮ ಸಭೆಯ ಯುವಜನ ಕೂಟದವರು ಒಂದು ಭಾನುವಾರ ಸಂಜೆ ಮಾತಾಡಲು ಕರೆದರು. ವಿಷಯ, ಒಳ್ಳೆಯ ನಾಯಕ ಯಾರು ಎಂಬುದು. ಜನವರಿಯಲ್ಲಿ ಸಭೆಯ ಕಮಿಟಿಗೆ ಚುನಾವಣೆಯಿತ್ತು. ಹಿಂದಿನ ಚುನಾವಣೆಯಲ್ಲಿ ಜನ ಎರಡು ಗುಂಪಾಗಿ, ಆರಾಧನೆ ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಎರಡು ಬಾಗಿಲಿನಿಂದ ಹೊರಗೆ ಹೋಗುವಷ್ಟು ಮನಸ್ತಾಪ ಬೆಳೆದಿತ್ತು. 'ನೀವು ಪಿಎಚ್.ಡಿ. ಮಾಡ್ತಿರೋರು, ಬೈಬಲ್‌ನಿಂದ ನಾಲ್ಕು ಗುಣ ಹೇಳಿಬಿಡಿ, ಸಾಕು' ಅಂದರು ಕೂಟದ ಕಾರ್ಯದರ್ಶಿ. ನಾನೂ ಒಪ್ಪಿಕೊಂಡೆ. ದೀನತೆ, ಸೇವೆ, ತ್ಯಾಗ, ಪ್ರಾರ್ಥನೆ ಎಂದು ನಾಲ್ಕು ಗುಣಗಳ ಪಟ್ಟಿ ಮಾಡುವುದು ಯಾವ ಕಷ್ಟದ ಕೆಲಸ?

ಕಷ್ಟವಾದದ್ದು ಬೇರೆ ಕಾರಣಕ್ಕೆ. ಆ ದಿನಗಳಲ್ಲಿ ನನ್ನ ಮೇಜಿನ ಮೇಲಿದ್ದದ್ದು 1930ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಮುಷ್ಕರದ ಚರಿತ್ರೆ. ಮೂರು ವಾರ ಗಣಿಗಳನ್ನು ನಿಲ್ಲಿಸಿದ ಆ ಮುಷ್ಕರಕ್ಕೆ ನಾಯಕರೇ ಇರಲಿಲ್ಲ. ಇದ್ದರೂ ಯಾರೆಂದು ಹೊರಗಿನವರಿಗೆ ತಿಳಿಯಲಿಲ್ಲ. ನಾಯಕನ ಗುಣಗಳ ಮೇಲೆ ಭಾಷಣ ಬರೆಯಲು ಕುಳಿತವರಿಗೆ ಇದಕ್ಕಿಂತ ಕಿರಿಕಿರಿಯ ಉದಾಹರಣೆ ಸಿಗಲಾರದು.

ಊರಿನ ಹಿನ್ನೆಲೆ ಸ್ವಲ್ಪ ಹೇಳಬೇಕು. ಬಂಗಾರಪೇಟೆ ಎಂಬ ಹೆಸರು ಚಿನ್ನದ ಗಣಿಯ ಪಕ್ಕದ ಊರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಹಳೆಯ ದಾಖಲೆಗಳಲ್ಲಿ ಇದು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು ಅದರಲ್ಲಿದೆ. 1873ರಲ್ಲಿ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಇಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಹಾಕಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂತು. ಇವೆಲ್ಲ ಪಠ್ಯಪುಸ್ತಕದಲ್ಲಿವೆ, ನಮ್ಮೂರ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಅದೇ ರೈಲಿನಲ್ಲಿ ಯಾರು ಯಾರು ಇಳಿದರು ಎಂಬುದು ಅಷ್ಟು ಬಾಯಿಪಾಠವಾಗಿಲ್ಲ.

ಇಳಿದವರು ಮುಖ್ಯವಾಗಿ ಎರಡು ಬಗೆಯವರು. ಒಬ್ಬರು ಉತ್ತರ ಆರ್ಕಾಟು, ಚಿತ್ತೂರು ಕಡೆಯ ದಲಿತರು. ಊರಿನ ಜಮೀನ್ದಾರನ ಕೈಯಿಂದ ಬಿಡಿಸಿಕೊಂಡು ನೆಲದಡಿಯ ಕತ್ತಲನ್ನಾದರೂ ಸೇರೋಣ ಎಂದು ಬಂದವರು. ನನ್ನ ಮುತ್ತಾತ ಹೀಗೆ ಬಂದವರಲ್ಲಿ ಒಬ್ಬರು. ಇನ್ನೊಬ್ಬರು ಇಂಗ್ಲೆಂಡಿನ ತೀರಾ ನೈಋತ್ಯದ ಮೂಲೆ ಕಾರ್ನ್‌ವಾಲ್‌ನಿಂದ ಬಂದ ಗಣಿ ಕಸುಬುದಾರರು. ಅಲ್ಲಿನ ತವರ ಮತ್ತು ತಾಮ್ರದ ಗಣಿಗಳು ಸೊರಗುತ್ತಿದ್ದ ಕಾಲ ಅದು. ಕಾರ್ನ್‌ವಾಲ್‌ನವರು ಲೋಕದ ಎಲ್ಲ ಗಣಿಗಳಿಗೂ ಚದುರಿದರು, ಹೋದ ಕಡೆಗೆಲ್ಲ ಎರಡು ವಸ್ತುಗಳನ್ನು ಒಯ್ದರು. ಒಂದು ಗಣಿಯ ಮೇಲ್ವಿಚಾರಕನನ್ನು 'ಕ್ಯಾಪ್ಟನ್' ಎಂದು ಕರೆಯುವ ರೂಢಿ. ಕೆ.ಜಿ.ಎಫ್‌.ನ ಚಾಂಪಿಯನ್ ಚಿನ್ನದ ಪಟ್ಟಿಯನ್ನು ಗುರುತಿಸಿದ ಪ್ಲಮ್ಮರ್‌ನನ್ನೂ ದಾಖಲೆಗಳು ಕ್ಯಾಪ್ಟನ್ ಪ್ಲಮ್ಮರ್ ಎಂದೇ ಕರೆಯುತ್ತವೆ. ಅವನು ಯಾವ ಸೈನ್ಯದ ಕ್ಯಾಪ್ಟನ್ ಎಂದು ನಾನು ಎಂ.ಎ. ಓದುವಾಗ ಒಂದು ವಾರ ಹುಡುಕಿದ್ದೆ! ಇನ್ನೊಂದು ವಸ್ತು ಮೆಥೊಡಿಸ್ಟ್ ಪಂಥ.

ಮೆಥೊಡಿಸಂ ಹುಟ್ಟಿದ್ದು ಕಾರ್ನ್‌ವಾಲ್‌ನಲ್ಲಿ ಅಲ್ಲ, ಆದರೆ ಅದು ಗಟ್ಟಿಯಾಗಿ ಬೇರೂರಿದ ಜಾಗಗಳಲ್ಲಿ ಕಾರ್ನ್‌ವಾಲ್ ಒಂದು. ಜಾನ್ ವೆಸ್ಲಿ ಅಲ್ಲಿಗೆ ಮೊದಲು ಹೋದದ್ದು 1743ರಲ್ಲಿ. ರೆಡ್ರೂತ್ ಎಂಬ ಊರಿನ ಹತ್ತಿರ ಗ್ವೆನಪ್ ಪಿಟ್ ಎಂಬ ದೊಡ್ಡ ಗುಂಡಿಯಿದೆ. ಗಣಿ ಕೆಲಸದಿಂದ ನೆಲ ಕುಸಿದು ಆದ ಗುಂಡಿ. 1762ರಿಂದ 1789ರವರೆಗೆ ವೆಸ್ಲಿ ಅಲ್ಲಿ ನಿಂತು 18 ಸಲ ಉಪದೇಶ ಮಾಡಿದ. ಚರ್ಚಿನ ಬಾಗಿಲು ಮುಚ್ಚಿಕೊಂಡವರ ಎದುರು, ಕುಸಿದ ಗಣಿಯನ್ನೇ ದೇವಾಲಯ ಮಾಡಿಕೊಂಡ ಜನ ಅವರು.

ನನಗೆ ಬೇಕಾದ ಕಥೆ ಮಾತ್ರ ಇನ್ನೂ ಹಿಂದಿನದು. 1742ರ ಫೆಬ್ರವರಿ 15, ಬ್ರಿಸ್ಟಲ್ ಪಟ್ಟಣ. ವೆಸ್ಲಿಯ ಜನ ಕಟ್ಟಿಕೊಂಡಿದ್ದ ಪ್ರಾರ್ಥನಾ ಮಂದಿರದ ಮೇಲೆ ಸಾಲವಿತ್ತು. ತೀರಿಸುವುದು ಹೇಗೆ ಎಂದು ಚರ್ಚೆ. ಒಬ್ಬ ಎದ್ದು, ಸಾಲ ತೀರುವವರೆಗೆ ಎಲ್ಲರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಎಂದ. ಮತ್ತೊಬ್ಬ, ನಮ್ಮಲ್ಲಿ ಎಷ್ಟೋ ಜನರಿಗೆ ಅದೂ ಕಷ್ಟ ಎಂದ. ಆಗ ಮೊದಲು ಮಾತಾಡಿದವನು ಹೇಳಿದ್ದರ ಸಾರ ಇಷ್ಟು: ಹಾಗಾದರೆ ತೀರಾ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಲೆಕ್ಕಕ್ಕೆ ಹಾಕಿ. ವಾರವಾರ ನಾನೇ ಅವರ ಮನೆಗೆ ಹೋಗುತ್ತೇನೆ. ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರದ್ದೂ ನನ್ನದೂ ಸೇರಿಸಿ ನಾನೇ ಕಟ್ಟುತ್ತೇನೆ. ನೀವೂ ಒಬ್ಬೊಬ್ಬರು ನಿಮ್ಮ ಅಕ್ಕಪಕ್ಕದ ಹನ್ನೊಂದು ಜನರ ಹೊಣೆ ಹೊರಿ. ಹೀಗೆ ಹೇಳಿದವನ ಹೆಸರು ಕ್ಯಾಪ್ಟನ್ ಫಾಯ್. ಇಲ್ಲೂ ಒಬ್ಬ ಕ್ಯಾಪ್ಟನ್!

ಮುಂದೆ ಆದದ್ದು ಕುತೂಹಲಕರ. ಚಂದಾ ಎತ್ತಲು ಮನೆಮನೆಗೆ ಹೋದವರಿಗೆ ಮನೆಯೊಳಗಿನ ಕಷ್ಟ ಕಾಣಿಸಿತು. ಯಾರಿಗೆ ಕಾಯಿಲೆ, ಯಾರು ಕುಡಿಯುತ್ತಿದ್ದಾರೆ, ಯಾರ ಒಲೆ ಉರಿದಿಲ್ಲ ಎಂಬ ಸುದ್ದಿಯನ್ನು ವೆಸ್ಲಿಗೆ ತಂದರು. ತನಗೆ ಬಹಳ ಕಾಲದಿಂದ ಬೇಕಾಗಿದ್ದ ಏರ್ಪಾಡು ಇದೇ ಎಂದು ಅವನಿಗೆ ಹೊಳೆಯಿತು. ಸುಮಾರು ಹನ್ನೆರಡು ಜನರ ಒಂದು 'ಕ್ಲಾಸ್', ಅದಕ್ಕೊಬ್ಬ 'ಕ್ಲಾಸ್ ಲೀಡರ್'. ಇವನು ಪಾದ್ರಿಯಲ್ಲ. ನೇಕಾರನೋ ಚಮ್ಮಾರನೋ ಗಣಿಯಲ್ಲಿ ಕಲ್ಲು ಒಡೆಯುವವನೋ ಆಗಿರಬಹುದು. ಹೆಂಗಸರೂ ಲೀಡರ್‌ಗಳಾದರು. ಲೀಡರ್ ಎಂಬ ಪದ ನಮ್ಮ ಸಭೆಗಳಿಗೆ ಬಂದದ್ದು ವೇದಿಕೆಯಿಂದಲ್ಲ, ಚಂದಾ ಪುಸ್ತಕದಿಂದ. ಇನ್ನೊಬ್ಬರ ಬಾಕಿಯನ್ನು ತನ್ನ ಹೆಸರಿಗೆ ಬರೆಸಿಕೊಂಡವನು ಲೀಡರ್.

ಈ ಕಥೆಯನ್ನು ಇಲ್ಲಿಗೇ ಬಿಟ್ಟರೆ ಭಾಷಣಕ್ಕೆ ಚೆನ್ನಾಗಿರುತ್ತದೆ, ಚರಿತ್ರೆಗೆ ಅನ್ಯಾಯವಾಗುತ್ತದೆ. ವೆಸ್ಲಿ ರಾಜಭಕ್ತ. ಅಮೆರಿಕದ ವಸಾಹತುಗಳು ದಂಗೆಯೆದ್ದಾಗ ರಾಜನ ಪರವಾಗಿ ಕರಪತ್ರ ಬರೆದವನು. ಇತಿಹಾಸಕಾರ ಇ.ಪಿ. ಥಾಂಪ್ಸನ್ 1963ರ ತನ್ನ ಪುಸ್ತಕದಲ್ಲಿ, ಕೂಲಿಕಾರರನ್ನು ಕಾರ್ಖಾನೆಯ ಶಿಸ್ತಿಗೆ ಪಳಗಿಸಲು ಮೆಥೊಡಿಸಂ ಹೇಗೆ ಒದಗಿ ಬಂತೆಂದು ಕಟುವಾಗಿ ಬರೆದಿದ್ದಾನೆ. ಮನೆಮನೆಗೆ ಹೋಗಿ ಕಷ್ಟ ವಿಚಾರಿಸುವ ಕಣ್ಣು ಮನೆಮನೆಯ ಮೇಲೆ ಕಾವಲಿಡುವ ಕಣ್ಣೂ ಆಗಬಹುದು. ಅದೇ ಶಿಸ್ತು ಬೇರೆಯದಕ್ಕೂ ಒದಗಿತು ಎಂಬುದೂ ನಿಜ. 1834ರಲ್ಲಿ ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯ ಆರು ಜನ ಹೊಲದ ಕೂಲಿಗಳು ಸಂಘ ಕಟ್ಟಿ ಗುಟ್ಟಾಗಿ ಪ್ರಮಾಣ ಮಾಡಿದರೆಂದು ಆಸ್ಟ್ರೇಲಿಯಾಕ್ಕೆ ಗಡಿಪಾರಾದರು. ಆರರಲ್ಲಿ ಐವರು ಮೆಥೊಡಿಸ್ಟರು. ಮುಂದಾಳು ಜಾರ್ಜ್ ಲವ್‌ಲೆಸ್ ಭಾನುವಾರ ಉಪದೇಶ ಮಾಡುತ್ತಿದ್ದವನು. ಸಭೆ ನಡೆಸುವುದು, ಲೆಕ್ಕ ಇಡುವುದು, ನಾಲ್ಕು ಜನರೆದುರು ನಿಂತು ಮಾತಾಡುವುದು, ಇವನ್ನೆಲ್ಲ ಬಡವರು ಕಲಿತದ್ದು ಪ್ರಾರ್ಥನಾ ಮಂದಿರದಲ್ಲಿ.

ಕೆ.ಜಿ.ಎಫ್‌.ಗೆ ಬಂದದ್ದು ಯಾವ ಕ್ಯಾಪ್ಟನ್? ನನ್ನ ಓದಿನ ಮಟ್ಟಿಗೆ, ಗಣಿಯೊಳಗೆ ಬಂದದ್ದು ಬಿರುದು ಮಾತ್ರ. ಮೇಲೆ ದೊರೆಗಳು, ಅವರ ಕೆಳಗೆ ಆಂಗ್ಲೋ ಇಂಡಿಯನ್ನರು, ಅದರ ಕೆಳಗೆ ಕಾಂಟ್ರಾಕ್ಟರು, ಮೇಸ್ತ್ರಿ, ತೀರಾ ಕೆಳಗೆ ಕೂಲಿ. ದೊರೆಗೆ ಬಂಗಲೆ, ಕ್ಲಬ್ಬು. ಕೂಲಿಗೆ ಲೈನು, ತಟ್ಟಿಯ ಗುಡಿಸಲು. ಪಾಳಿ ಮುಗಿಸಿ ಶಾಫ್ಟಿನಿಂದ ಮೇಲೆ ಬಂದ ಕೂಲಿಯ ಮೈ ತಡಕುತ್ತಿದ್ದರು, ಚಿನ್ನ ಕದ್ದಿದ್ದಾನೇನೋ ಎಂದು. ಭಾನುವಾರ ಇವರಿಬ್ಬರೂ ಒಂದೇ ದೇವರಿಗೆ ಪ್ರಾರ್ಥಿಸುತ್ತಿದ್ದರು, ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ತಮಿಳಿನಲ್ಲಿ.

ಯೋಹಾನನ ಸುವಾರ್ತೆಯಲ್ಲಿ ಒಳ್ಳೆಯ ಕುರುಬನ ಮಾತು ಬರುತ್ತದೆ. ಕ್ರೈಸ್ತ ನಾಯಕತ್ವದ ಬಗ್ಗೆ ಯಾರು ಮಾತಾಡಿದರೂ ಅಲ್ಲಿಂದಲೇ ಶುರು. ಒಳ್ಳೆಯ ಕುರುಬ ಕುರಿಗಾಗಿ ಪ್ರಾಣ ಕೊಡುತ್ತಾನೆ. ತೋಳ ಬಂದಾಗ ಓಡಿಹೋಗುವವನು ಕೂಲಿಯವನು, ಏಕೆಂದರೆ ಕುರಿಗಳು ಅವನವಲ್ಲ. ಇದನ್ನು ಚಾಂಪಿಯನ್ ರೀಫ್‌ನ ಕೂಲಿ ಲೈನಿನಲ್ಲಿ ಕುಳಿತು ಕೇಳಿದವರಿಗೆ ಏನನ್ನಿಸಿರಬೇಡ? ಅಲ್ಲಿದ್ದವರೆಲ್ಲ ಕೂಲಿಯವರೇ. ಆಳದಲ್ಲಿ ಬಂಡೆ ಸಿಡಿಯುವುದನ್ನು ನಮ್ಮ ಕಡೆ ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ಏರ್‌ಬ್ಲಾಸ್ಟ್ ಆದಾಗ ಸಿಕ್ಕಿಕೊಂಡವನನ್ನು ಹೊರಗೆಳೆಯಲು ಮತ್ತೆ ಒಳಗಿಳಿಯುತ್ತಿದ್ದವರಲ್ಲಿ ಹೆಚ್ಚಿನವರು ಅದೇ ದಿನಗೂಲಿಯ ಜನ. ಯೇಸುವಿನ ಮಾತಿನಲ್ಲಿ ಕೂಲಿ ಎಂದರೆ ಸಂಬಳ ಪಡೆಯುವವನು ಎಂದಲ್ಲ, ತನ್ನದಲ್ಲ ಎಂದುಕೊಂಡವನು ಎಂದು. ಆ ಅರ್ಥದಲ್ಲಿ ನೋಡಿದರೆ ಬಂಗಲೆಯಲ್ಲಿ ಇದ್ದವರೇ ಕೂಲಿಯವರು.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಲೂಯಿಸಾ ಆನ್ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ 1876-78ರ ಬರಗಾಲದ ಅನಾಥ ಮಕ್ಕಳನ್ನು ಸಾಕಿದಳು. 1890ರಲ್ಲಿ, ತಾನು ಕಟ್ಟಿದ್ದೆಲ್ಲವನ್ನೂ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿದಳು. ಕೋಲಾರ, ಬಂಗಾರಪೇಟೆ ಕಡೆಯ ಮೆಥೊಡಿಸ್ಟ್ ಸಭೆಗಳ ಬೇರು ಅಲ್ಲಿದೆ, ಗಣಿಯ ಕ್ಯಾಪ್ಟನ್ನರಲ್ಲಿ ಅಲ್ಲ. ಕಟ್ಟಿದ್ದನ್ನು ಬಿಟ್ಟುಕೊಡುವುದು ಕಟ್ಟುವುದಕ್ಕಿಂತ ಕಷ್ಟ ಎಂದು ನಮ್ಮ ಕಮಿಟಿಯವರನ್ನು ಕೇಳಿದರೆ ಗೊತ್ತಾಗುತ್ತದೆ.

ಈಗ 1930. ಕೆಲಸಗಾರರ ಹೆಸರು ನೋಂದಾಯಿಸಿ ಬೆರಳಚ್ಚು ತೆಗೆದುಕೊಳ್ಳಬೇಕೆಂಬ ನಿಯಮ ಬಂತು. ಬೆರಳಚ್ಚು ಅಂದರೆ ಪೊಲೀಸರು ಕಳ್ಳರಿಂದ ತೆಗೆದುಕೊಳ್ಳುವ ಗುರುತು. ಮೊದಲೇ ದಿನವೂ ಮೈ ತಡಕಿಸಿಕೊಳ್ಳುತ್ತಿದ್ದ ಜನ ಇದನ್ನು ಸಹಿಸಲಿಲ್ಲ. ಸಾವಿರಾರು ಜನ ಗಣಿಗೆ ಇಳಿಯುವುದನ್ನು ನಿಲ್ಲಿಸಿದರು. ಆಗ ಅವರಿಗೆ ಯೂನಿಯನ್ ಇರಲಿಲ್ಲ. ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' (1998) ಪುಸ್ತಕ ಓದಿದವರಿಗೆ ಈ ಮುಷ್ಕರದ ವಿವರ ಗೊತ್ತಿರುತ್ತದೆ. ಮಾತುಕತೆಗೆ ಪ್ರತಿನಿಧಿಗಳು ಬೇಕೆಂದರೆ ಮುಂದೆ ಬರುವವರಿಲ್ಲ. ಅಧಿಕಾರಿಗಳಿಗೆ ಇದೊಂದು ಒಗಟು. ತಲೆಯಿಲ್ಲದ ಗುಂಪು ಇಷ್ಟು ಶಿಸ್ತಾಗಿ ಹೇಗಿರುತ್ತದೆ?

ಒಗಟೇನಲ್ಲ. ಮುಂದೆ ಬಂದವನಿಗೆ ಏನಾಗುತ್ತದೆ ಎಂದು ಗಣಿಯವರಿಗೆ ಎಲ್ಲ ದೇಶದಲ್ಲೂ ಗೊತ್ತಿತ್ತು. ಇಂಗ್ಲೆಂಡಿನ ಈಶಾನ್ಯದ ಕಲ್ಲಿದ್ದಲ ಗಣಿಗಳಲ್ಲಿ 1831ರಲ್ಲಿ ಟಾಮಿ ಹೆಪ್‌ಬರ್ನ್ ಎಂಬವನು ಸಂಘ ಕಟ್ಟಿದ. ಅವನೂ ಮೆಥೊಡಿಸ್ಟ್ ಉಪದೇಶಕ. ಮೊದಲ ವರ್ಷ ಗೆದ್ದ. 1832ರಲ್ಲಿ ಮುಷ್ಕರ ಮುರಿದುಬಿತ್ತು. ಆಮೇಲೆ ಯಾವ ಗಣಿಯೂ ಅವನಿಗೆ ಕೆಲಸ ಕೊಡಲಿಲ್ಲ. ಹಳ್ಳಿಹಳ್ಳಿ ತಿರುಗಿ ಚಹಾಪುಡಿ ಮಾರಿದ. ಯಾರಿಗಾಗಿ ಹೋರಾಡಿದ್ದನೋ ಆ ಜನರೇ, ಮಾಲೀಕರ ಕಣ್ಣಿಗೆ ಬಿದ್ದೇವೆಂಬ ಹೆದರಿಕೆಯಿಂದ, ಕೊಳ್ಳಲು ಹಿಂಜರಿದರು. ಕೊನೆಗೆ ಇನ್ನು ಸಂಘದ ಸುದ್ದಿಗೆ ಹೋಗುವುದಿಲ್ಲ ಎಂದು ಒಪ್ಪಿಕೊಂಡು ಕೆಲಸ ಪಡೆದ. ಹೆಪ್‌ಬರ್ನ್‌ನ ಹೆಸರು ಕೆ.ಜಿ.ಎಫ್‌.ನಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಪಾಠ ಮಾತ್ರ ಅವರಿಗೆ ಬೇರೆ ದಾರಿಯಿಂದ ತಿಳಿದಿತ್ತು.

ನಮ್ಮ ಮನೆಯಲ್ಲಿ ಈ ಮುಷ್ಕರದ ನೆನಪು ಒಂದೇ ಒಂದು ವಾಕ್ಯದಷ್ಟಿದೆ. ಅದನ್ನು ಹೇಳುವವರು ನನ್ನ ಅಜ್ಜಿ. ಮುತ್ತಾತ ಅವರಿಗೆ ಮಾವ. 'ಮಾವ ಎಲ್ಲಾ ಹೇಳೋರು ಕಣಪ್ಪಾ. ಮಾರಿಕುಪ್ಪದ ಪ್ಲೇಗು, ಶಾಫ್ಟಿನ ಹಗ್ಗ, ದೊರೆ ಹೆಂಡ್ತಿ ಕುದುರೆ, ಎಲ್ಲಾ. ಬೆರಳಚ್ಚಿನ ಗಲಾಟೇಲಿ ಇಳಿಯೋದು ಬೇಡ ಅಂತ ಮೊದಲು ಹೇಳಿದ್ದು ಯಾರು ಅಂದ್ರೆ ಮಾತ್ರ, ಎಲ್ಲರೂ ಹೇಳಿದ್ರು ಅನ್ನೋರು.' ಅವರು ತೀರಿಕೊಂಡಾಗ ಆ ಮುಷ್ಕರಕ್ಕೆ ನಲವತ್ತು ವರ್ಷ ಮೀರಿತ್ತು. ಕಂಪನಿ ಹೋಗಿ ಸರ್ಕಾರ ಬಂದಿತ್ತು. ಹೆಸರು ಹೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೂ ಹೇಳಲಿಲ್ಲ.

ಇಲ್ಲಿ ನನ್ನನ್ನು ತಡೆದದ್ದು ಗೆತ್ಸೆಮನೆಯ ಘಟನೆ. ರಾತ್ರಿ, ದೀವಟಿಗೆ ಹಿಡಿದ ಕಾವಲುಗಾರರು ತೋಟದೊಳಗೆ ಬರುತ್ತಾರೆ. ಯೋಹಾನನು ಹೇಳುವಂತೆ, ಯೇಸು ತಾನೇ ಮುಂದೆ ಬಂದು ನೀವು ಹುಡುಕುತ್ತಿರುವವನು ನಾನು, ಇವರನ್ನು ಬಿಟ್ಟುಬಿಡಿ ಎನ್ನುತ್ತಾನೆ. ತನ್ನ ಹೆಸರು ತಾನೇ ಹೇಳಿಕೊಂಡ ನಾಯಕ ಅವನು. ಹಾಗಾದರೆ 1930ರಲ್ಲಿ ಮುಂದೆ ಬಾರದವನು ಹೇಡಿಯೇ? ಸುಮಾರು ದಿನ ಈ ಪ್ರಶ್ನೆ ಬಿಡಲಿಲ್ಲ. ಆಮೇಲೆ ಒಂದು ವ್ಯತ್ಯಾಸ ಕಂಡಿತು. ತೋಟದಲ್ಲಿ ಹೆಸರು ಹೇಳಿಕೊಂಡವನು ನಾಯಕ, ಗುರುತು ತೋರಿಸಿಕೊಟ್ಟವನು ಅವನ ಶಿಷ್ಯನೇ, ಉಳಿದವರು ಓಡಿಹೋದರು. ಬೆಂಕಿ ಕಾಯಿಸಿಕೊಳ್ಳುತ್ತ ಪೇತ್ರ ಹೇಳಿದ 'ಅವನನ್ನು ಅರಿಯೆ' ಎಂಬ ಸುಳ್ಳು ತನ್ನನ್ನು ಉಳಿಸಿಕೊಳ್ಳಲು. ಲೈನಿನ ಜನರು ಹೇಳಿದ 'ನಮಗೆ ಗೊತ್ತಿಲ್ಲ' ಎಂಬ ಸುಳ್ಳು ಇನ್ನೊಬ್ಬನನ್ನು ಉಳಿಸಲು. ಅಲ್ಲಿ ಅಡಗಿದ್ದು ಕುರುಬನಲ್ಲ, ಅವನನ್ನು ಸುತ್ತುವರಿದು ನಿಂತದ್ದು ಕುರಿಗಳು. ನಾಯಕನ ಗುಣವನ್ನು ಅವನಲ್ಲಿ ಹುಡುಕುವ ಬದಲು ಅವನ ಜನರಲ್ಲಿ ಹುಡುಕಬೇಕಾದ ಸಂದರ್ಭವೂ ಇರುತ್ತದೆ. ಅವನು ಅವರಿಗೆ ಏನಾಗಿದ್ದ ಎಂಬುದಕ್ಕೆ ಆ ಮೌನ ಸಾಕ್ಷಿ.

ಇದನ್ನು ಹೆಚ್ಚು ಎಳೆಯಬಾರದು ಎಂಬ ಎಚ್ಚರ ನನಗಿದೆ. ಹೆಸರಿಲ್ಲದೆ ಬಹಳ ಕಾಲ ನಡೆಯಲು ಆಗುವುದಿಲ್ಲ. 1940ರ ದಶಕದಲ್ಲಿ ಕೆ.ಜಿ.ಎಫ್‌.ನಲ್ಲಿ ಯೂನಿಯನ್‌ಗಳು ಬಂದವು, ಕೆ.ಎಸ್. ವಾಸನ್ ಅವರಂಥ ಕಮ್ಯುನಿಸ್ಟ್ ನಾಯಕರು ಹೆಸರು ಹೇಳಿಯೇ ಮುಂದೆ ನಿಂತರು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಅವರ ಹೆಸರನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. ಕೆತ್ತಲೇಬೇಕು. ಅದಕ್ಕೂ ಮೊದಲು, 1907ರಷ್ಟು ಹಿಂದೆಯೇ, ಅಯೋತಿ ದಾಸರ ದಾರಿಯಲ್ಲಿ ಮಾರಿಕುಪ್ಪದ ದಲಿತರು ಶಾಕ್ಯ ಬೌದ್ಧ ಸಂಘ ಕಟ್ಟಿದ್ದರು. ನಮ್ಮ ಪಾದ್ರಿಗಳ ಕುರಿಹಟ್ಟಿಗಿಂತ ಬುದ್ಧನ ಮಾರ್ಗ ಅವರಿಗೆ ಹೆಚ್ಚು ಗೌರವದ್ದಾಗಿ ಕಂಡಿತು. ಓದಿಕೊಂಡ, ಬರೆಯಬಲ್ಲ, ಪತ್ರಿಕೆ ನಡೆಸಬಲ್ಲ ಮುಂದಾಳುಗಳು ಅವರೊಳಗಿನಿಂದಲೇ ಬಂದರು. ಕ್ರೈಸ್ತ ನಾಯಕತ್ವದ ಬಗ್ಗೆ ನಾವು ಮಾತಾಡುವಾಗ ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ನಮ್ಮ ಬಾಗಿಲಿಗೆ ಬಂದು ಒಳಗೆ ಬಾರದೆ ಹೋದವರು ಏನು ನೋಡಿ ಹಿಂದಿರುಗಿದರು ಎಂದು ಕೇಳಿಕೊಂಡಿಲ್ಲ.

ಕನ್ನಡದಲ್ಲಿ ಮುಂದಾಳು ಎಂಬ ಪದವಿದೆ. 'ನಾಯಕ' ಸಂಸ್ಕೃತದಿಂದ ಬಂದದ್ದು, ನಡೆಸುವವನು ಎಂದರ್ಥ. ಮುಂದಾಳು ಎಂದರೆ ಮುಂದಿರುವ ಆಳು. ಆಳು ಎಂದರೆ ಸೇವಕ, ಆಳು ಎಂದರೆ ರಾಜ್ಯ ಆಳು ಎಂದೂ ಹೌದು. ಆಳಾಗಲು ಬಲ್ಲವನಷ್ಟೇ ಆಳಬಲ್ಲ ಎಂಬ ಅರ್ಥದ ಸರ್ವಜ್ಞನ ತ್ರಿಪದಿ ಎಲ್ಲರಿಗೂ ಗೊತ್ತು. ಆ ತ್ರಿಪದಿಗಳನ್ನು ಊರೂರು ತಿರುಗಿ ಕಲೆಹಾಕಿ 1924ರಲ್ಲಿ ಅಚ್ಚು ಹಾಕಿಸಿದವರು ಬಾಸೆಲ್ ಮಿಷನ್ನಿನ ಸಭಾಪಾಲಕ ಉತ್ತಂಗಿ ಚನ್ನಪ್ಪನವರು. ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನರು ಬಲಗಡೆಯ, ಎಡಗಡೆಯ ಆಸನ ಕೇಳಿದಾಗ ಯೇಸು ಕೊಟ್ಟ ಉತ್ತರವೂ ಇದೇ ದಿಕ್ಕಿನದು. ಉತ್ತಂಗಿಯವರಿಗೆ ಸರ್ವಜ್ಞ ಯಾಕೆ ಅಷ್ಟು ಹತ್ತಿರದವನಾಗಿ ಕಂಡ ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು ಎಂಬುದು ನನ್ನ ಊಹೆ.

ಭಾನುವಾರ ಸಂಜೆ ನಲವತ್ತು ಜನ ಸೇರಿದ್ದರು. ಎರಡೂ ಗುಂಪಿನವರಿದ್ದರು, ಎರಡು ಸಾಲಿನಲ್ಲಿ. ನಾಲ್ಕು ಗುಣಗಳ ಪಟ್ಟಿ ಹೇಳಲಿಲ್ಲ. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಯೋತಾಮ ಹೇಳುವ ಮರಗಳ ಕಥೆಯಿಂದ ಶುರುಮಾಡಿದೆ. ಮರಗಳು ರಾಜನನ್ನು ಹುಡುಕಿ ಹೊರಡುತ್ತವೆ. ಎಣ್ಣೆಯ ಮರ, ಅಂಜೂರ, ದ್ರಾಕ್ಷಿ ಮೂರೂ, ನಮಗೆ ನಮ್ಮ ಹಣ್ಣಿನ ಕೆಲಸವಿದೆ ಎಂದು ಒಲ್ಲೆವೆನ್ನುತ್ತವೆ. ಕೊನೆಗೆ ಒಪ್ಪುವುದು ಮುಳ್ಳಿನ ಪೊದೆ, ಬನ್ನಿ ನನ್ನ ನೆರಳಿಗೆ ಎನ್ನುತ್ತದೆ. ಪೊದೆಗೆ ನೆರಳೆಲ್ಲಿ? ಎಲ್ಲರೂ ನಕ್ಕರು. ನಗುವಾಗ ಆ ಸಾಲಿನವರು ಈ ಸಾಲಿನವರನ್ನು, ಇವರು ಅವರನ್ನು ನೋಡಿದರು. ಆಮೇಲೆ ಕ್ಯಾಪ್ಟನ್ ಫಾಯ್, ಹೆಪ್‌ಬರ್ನ್‌ನ ಚಹಾಪುಡಿ, ಬೆರಳಚ್ಚು, ಕೊನೆಗೆ ಮುತ್ತಾತನ ಒಂದು ವಾಕ್ಯ. ಕಾರ್ಯದರ್ಶಿಗೆ ಸ್ವಲ್ಪ ನಿರಾಸೆಯಾದಂತಿತ್ತು. 'ಚುನಾವಣೆಗೆ ನಿಲ್ಲೋದೇ ತಪ್ಪು ಅಂತೀರಾ?' ಎಂದು ಕೇಳಿದರು. ತಪ್ಪಲ್ಲ, ಹಣ್ಣಿನ ಮರಗಳು ಒಲ್ಲೆ ಅಂದದ್ದರಿಂದಲೇ ಅಲ್ಲವೇ ಮುಳ್ಳಿಗೆ ಕಿರೀಟ ಸಿಕ್ಕಿದ್ದು ಎಂದೆ. ಉತ್ತರ ಅವರಿಗೆ ಸಾಲಲಿಲ್ಲ. ನನಗೂ ಸಾಲಲಿಲ್ಲ.

ಹೊರಡುವಾಗ ಬಿ.ಎ. ಓದುತ್ತಿರುವ ಒಬ್ಬ ಹುಡುಗಿ ಬಾಗಿಲ ಹತ್ತಿರ ನಿಲ್ಲಿಸಿದಳು. 'ಮೊದಲು ಹೇಳಿದ್ದು ನಿಮ್ಮ ಮುತ್ತಾತಾನೇ ಯಾಕಾಗಿರಬಾರದು?' ಎಂದಳು. ಇಷ್ಟು ವರ್ಷ ಆ ಮಾತು ಕೇಳಿದ್ದೇನೆ, ಅದರ ಮೇಲೆ ಅಧ್ಯಾಯ ಬರೆಯುತ್ತಿದ್ದೇನೆ, ನನಗಿದು ಹೊಳೆದಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ವರಾಂಡದಲ್ಲಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ಕೇಳಿದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. 'ನನಗೂ ಒಂದ್ಸಲ ಹಂಗೇ ಅನ್ನಿಸಿತ್ತು' ಅಂದರು. 'ಕೇಳಿದ್ರಾ?' ಅಂದೆ. 'ಅವರು ಹೇಳಬಾರ್ದು ಅಂತ ಇಟ್ಕೊಂಡಿದ್ದನ್ನ ನಾನ್ಯಾಕೆ ಕೇಳ್ಲಿ' ಎಂದು ಮೊರವನ್ನು ನನ್ನ ಕಡೆ ಸರಿಸಿದರು. ಇನ್ನೂ ಅರ್ಧ ಮೊರ ಉಳಿದಿತ್ತು.